ಚಿಕ್ಕ ಟೈಲರನ ಅರ್ಧ ಇಂಚು

ಟೈಲರಮ್ಮ ಕೈ ಮುರಿದುಕೊಂಡದ್ದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಧೂಳು ಕೂತಿತ್ತು. ಮಗ ಒರೆಸಿದ್ದ, ಮೊಮ್ಮಗಳು ಒರೆಸಿದ್ದಳು. ಆದರೆ ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ಯಾರೋ ತನ್ನನ್ನು ನೋಡಿಯೇ ಕಟ್ಟಿದ್ದಾರೆಂದು ನಂಬಿದ್ದ ಆಕೆ ತಾನೇ ಸ್ಟೂಲು ಹತ್ತಿದಳು. ಬೋರ್ಡು ಫಳಫಳ ಹೊಳೆಯಿತು, ಸ್ಟೂಲು ವಾಲಿತು, ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುತ್ತಿದ್ದವನಿಗೂ “ಅಂಚು ನೆಟ್ಟಗಿಲ್ಲ, ಇನ್ನೊಂದು ಸುತ್ತು ಹಾಕಿ” ಎಂದು ಹೇಳಿಯೇ ಬಂದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಎರಡು ಹೊಲಿಗೆ ಮಿಷನ್ನು, ಒಂದು ನಿಲುವುಗನ್ನಡಿ, ಮಧ್ಯದಲ್ಲಿ ಕಟ್ಟಿಂಗ್ ಮೇಜು. ಮೇಜಿನ ಮೇಲಿನ ದೊಡ್ಡ ಕತ್ತರಿಯನ್ನು ಟೈಲರಮ್ಮ ಬಿಟ್ಟರೆ ಬೇರೆ ಯಾರೂ ಮುಟ್ಟಿದವರಿಲ್ಲ. ಅಳತೆ ಆಕೆಯದು, ಕತ್ತರಿ ಆಕೆಯದು, ಗಿರಾಕಿಗಳನ್ನು ಗದರುವ ಬಾಯಿಯೂ ಆಕೆಯದೇ. ಟೇಪು ಸುತ್ತುವಾಗ ಯಾರಾದರೂ ಹೊಟ್ಟೆ ಒಳಗೆ ಎಳೆದುಕೊಂಡರೋ, ಮುಗಿಯಿತು. “ಉಸಿರು ಬಿಡ್ರೀ! ಟೇಪಿಗೆ ಸುಳ್ಳು ಹೇಳಿದ್ರೆ ಬಟ್ಟೆ ಊರಿಗೆಲ್ಲ ನಿಜ ಹೇಳುತ್ತೆ” ಎನ್ನುವಳು. ಎಂಥ ಅಧಿಕಾರಿಯಾದರೂ ಮರ್ಯಾದೆಯಾಗಿ ಹೊಟ್ಟೆ ಹೊರಗೆ ಬಿಡುತ್ತಿದ್ದ.

ಹೊಲಿಯುವುದು ಮಗನ ಕೆಲಸ. ಅವನ ತಲೆ ಅರ್ಧ ನರೆತಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಆದರೂ ಬೀದಿಗೆಲ್ಲ ಅವನು ಚಿಕ್ಕ ಟೈಲರ್. ಅವನ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಮಾತು ಮಾತ್ರ ಒಂದೇ ಗೆರೆಯ ಮೇಲೆ ಓಡುತ್ತಿತ್ತು: “ಇರಿ, ಅಮ್ಮನ್ನ ಕೇಳ್ತೀನಿ.” ಗುಂಡಿ ಕಪ್ಪೋ ಕಂದೋ ಎಂದರೂ ಅಮ್ಮನ್ನ ಕೇಳ್ತೀನಿ, ನಾಳೆ ಅಂಗಡಿ ತೆಗೆದಿರುತ್ತಾ ಎಂದರೂ ಅಮ್ಮನ್ನ ಕೇಳ್ತೀನಿ. ಹಿಂದೆ ಹೆಣ್ಣು ನೋಡಲು ಹೋದಾಗ ಹುಡುಗಿ ಇಷ್ಟವಾದಳಾ ಎಂದು ಅವಳ ಅಪ್ಪ ಕೇಳಿದ್ದಕ್ಕೂ ಇದೇ ಉತ್ತರ ಬಂದಿತ್ತು. ಆ ಹುಡುಗಿ ಈಗ ಅವನ ಹೆಂಡತಿ, ಬಸ್ ಕಂಡಕ್ಟರ್. ಸಿಟ್ಟು ಬಂದಾಗಲೆಲ್ಲ ಆ ಮಾತನ್ನು ಟಿಕೆಟ್ಟಿನಂತೆ ಹರಿದು ಅವನ ಕೈಗೆ ಕೊಡುತ್ತಿದ್ದಳು.

ಕೈ ಮುರಿದ ಮೇಲೆ ಟೈಲರಮ್ಮ ನೋವಿನ ಮಾತ್ರೆ ನುಂಗಿ ಒಳಕೋಣೆಯಲ್ಲಿ ಮಲಗಿಬಿಟ್ಟಳು. ಹೊರಗೆ ಬಟ್ಟೆಗಳು ರಾಶಿ ಬಿದ್ದಿದ್ದವು. ಚಿಕ್ಕ ಟೈಲರ್ ಬಾಗಿಲ ತನಕ ಹೋಗಿ ಇಣುಕಿ ನೋಡುವನು, ಕಂಡಕ್ಟರ್ ಬೆರಳು ತುಟಿಗಿಟ್ಟು “ಎಬ್ಬಿಸಬೇಡಿ” ಎನ್ನುವಳು. ಕೊನೆಗೆ ವಿಧಿಯಿಲ್ಲದೆ ಅಮ್ಮ ಬರೆದಿಟ್ಟ ಅಳತೆ ನೋಡಿಕೊಂಡು ಬಟ್ಟೆ ಹಾಸಿ ಚಾಕ್‌ಪೀಸಿನಿಂದ ಗೆರೆ ಎಳೆದ. ಗೆರೆ ನೋಡಿದ. ಚಿಕ್ಕದಾದರೆ ಬಟ್ಟೆಯನ್ನು ಎಳೆದು ದೊಡ್ಡದು ಮಾಡಲಾದೀತೇ? ದೊಡ್ಡದಾದರೆ ಹೇಗೋ ಆಗುತ್ತದೆ. ಹಾಗೆಂದುಕೊಂಡು ಆ ಗೆರೆಯ ಆಚೆಗೆ ಅರ್ಧ ಇಂಚು ಬಿಟ್ಟು ಇನ್ನೊಂದು ಗೆರೆ ಎಳೆದ, ಅದರ ಮೇಲೆ ಕತ್ತರಿ ಆಡಿಸಿದ.

ಮುಂದಿನ ತುಂಡಿಗೂ ಅರ್ಧ ಇಂಚು, ಹಿಂದಿನ ತುಂಡಿಗೂ ಅರ್ಧ ಇಂಚು, ಎಡಕ್ಕೂ ಬಲಕ್ಕೂ ಅರ್ಧ ಇಂಚು. ಹನಿ ಹನಿ ಕೂಡಿ ಹಳ್ಳವಾಗುವುದು ನೀರಿನಲ್ಲಷ್ಟೇ ಅಲ್ಲ. ಬೀದಿಯಲ್ಲಿ ಬೇಕರಿಯವನ ಏಪ್ರನ್ನು ಅವನನ್ನು ಎರಡು ಸುತ್ತು ಸುತ್ತಿತು. ಕ್ಲಿನಿಕ್ಕಿನ ನರ್ಸಮ್ಮನ ತೋಳು ಬೆರಳ ತುದಿ ದಾಟಿತು. ಕೊನೆಗೆ ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಬಂದ. ಒಂದು ಕೈಯಲ್ಲಿ ಚೀಲ ಹಿಡಿದಿದ್ದ, ಇನ್ನೊಂದರಲ್ಲಿ ಪ್ಯಾಂಟು ಹಿಡಿದಿದ್ದ. ಕಾಗದ ಹಂಚಲು ಮೂರನೆಯ ಕೈ ಇರಲಿಲ್ಲ.

“ಚಿಕ್ಕ ಟೈಲರೇ, ಈ ಪ್ಯಾಂಟಲ್ಲಿ ನಾನೂ ನನ್ನ ತಮ್ಮನೂ ಒಟ್ಟಿಗೆ ಸಂಸಾರ ಮಾಡಬಹುದು. ಬೆಲ್ಟ್ ಹಾಕಿದ್ರೆ ಸೊಂಟದ ಸುತ್ತ ಮೂಟೆ ಕಟ್ಟಿದ ಹಾಗಿರುತ್ತೆ. ನಿನ್ನೆ ನಾಯಿ ಅಟ್ಟಿಸ್ಕೊಂಡು ಬಂತು. ಓಡ್ಲಾ, ಪ್ಯಾಂಟು ಹಿಡ್ಕೊಳ್ಲಾ, ನೀವೇ ಹೇಳಿ.”

“ಇರಿ, ಅಮ್ಮನ್ನ…” ಎಂದವನು ನಾಲಿಗೆ ಕಚ್ಚಿಕೊಂಡ.

ಅಷ್ಟು ಹೊತ್ತಿಗೆ ಅಮ್ಮನೇ ಬಾಗಿಲಲ್ಲಿ ನಿಂತಿದ್ದಳು. ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದಳು. ಪೋಸ್ಟ್‌ಮ್ಯಾನ್ ಕೈ ಬಿಟ್ಟಿದ್ದರೆ ಇನ್ನೂ ಚೆನ್ನಾಗಿ ನೋಡಬಹುದಿತ್ತು, ಪುಣ್ಯಕ್ಕೆ ಬಿಡಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಟೈಲರಮ್ಮ ಎಡಗೈಯಲ್ಲಿ ಚಮಚ ಹಿಡಿದು, ಅನ್ನ ಬಾಯಿಗಿಂತ ಹೆಚ್ಚು ಮಡಿಲಿಗೆ ಬೀಳಿಸಿಕೊಳ್ಳುತ್ತಾ ತೀರ್ಪು ಕೊಟ್ಟಳು. “ನಿನ್ನ ದೊಡ್ಡಮ್ಮನ ಮಗನ್ನ ಕರೆಸ್ತೀನಿ. ಅವರೂರಲ್ಲಿ ದೊಡ್ಡ ಅಂಗಡೀಲಿ ಕಟ್ಟಿಂಗ್ ಮಾಸ್ತರ್ ಆಗಿದಾನೆ. ಕರೆದ್ರೆ ಬರ್ತೀನಿ ಅಂತ ಅಂದಿದಾನೆ. ಮೇಜು ಅವನು ನೋಡ್ಕೊಳ್ಲಿ, ನೀನು ಹೊಲಿ.”

“ಎಷ್ಟು ದಿನಕ್ಕೆ?” ಎಂದಳು ಸೊಸೆ.

“ದಿನ ಏನು, ಕೊನೇ ತನಕ. ನನಗೆ ವಯಸ್ಸಾಗ್ಲಿಲ್ವಾ? ಹೆಂಡ್ತಿ ಮಕ್ಕಳನ್ನ ಕರ್ಕೊಂಡೇ ಬರ್ತಾನೆ.”

“ಎಲ್ಲಿರ್ತಾರೆ ಅಜ್ಜಿ?” ಮೊಮ್ಮಗಳ ಕೈ ತಟ್ಟೆಯಲ್ಲೇ ನಿಂತಿತು.

“ನಿನ್ನ ರೂಮಲ್ಲಿ. ನೀನು ನನ್ನ ಹತ್ರ ಮಲ್ಕೋ.”

“ನಿನ್ನ ಗೊರಕೆ ಜೊತೆಗಾ?”

“ಅಪ್ಪನಿಗೆ ಹೇಳು ಕತ್ತರಿ ಹಿಡಿಯೋಕೆ. ಹಿಡಿದ್ರೆ ನನ್ನ ಗೊರಕೆ ತಪ್ಪುತ್ತೆ.”

ಎಲ್ಲರೂ ಚಿಕ್ಕ ಟೈಲರನ ಮುಖ ನೋಡಿದರು. ಅವನು ತಟ್ಟೆಯ ಅಂಚಿನಲ್ಲಿದ್ದ ಉಪ್ಪಿನ ಮುಖ ನೋಡಿದ. ಅವನಿಗೆ ನೋವಾಗಿತ್ತು. ಬಾಲ್ಯದಿಂದ ಆ ಮೇಜಿನ ಕೆಳಗೆ ಆಡಿ, ಅದರ ಪಕ್ಕದಲ್ಲಿ ಹೊಲಿದು, ಎಂದೋ ಒಂದು ದಿನ ಅದರ ಮುಂದೆ ನಿಲ್ಲುತ್ತೇನೆಂದು ಯಾರಿಗೂ ಹೇಳದೆ ಆಸೆಪಟ್ಟಿದ್ದ. ಈಗ ಅಲ್ಲಿ ದೊಡ್ಡಮ್ಮನ ಮಗ ನಿಲ್ಲುತ್ತಾನೆ. ಆದರೆ ಬೇಡ ಎನ್ನಲು ಬಾಯಿ ಬರಬೇಕಲ್ಲ.

“ನಿಮ್ಮ ಪ್ಲಾಸ್ಟರ್ ಬಿಚ್ಚೋ ತನಕ ತಡೀರಿ ಅತ್ತೆ” ಎಂದಳು ಕಂಡಕ್ಟರ್. ಬಸ್ಸಿನಲ್ಲಿ ಕೊನೆಯ ಸೀಟಿನವರೆಗೆ ಕೇಳುವ ಗಂಟಲು ಅದು. ಟೈಲರಮ್ಮ ಮಾತು ಬೆಳೆಸದೆ “ಆಗಲಿ, ಅಲ್ಲೀ ತನಕ” ಎಂದಳು.

ಪಾತ್ರೆ ತೊಳೆಯುವಾಗ ಹೆಂಡತಿ ಉಜ್ಜುತ್ತಿದ್ದಳು, ಗಂಡ ಒರೆಸುತ್ತಿದ್ದ.

“ರೀ, ನಾನು ಕೆಲಸಕ್ಕೆ ಸೇರಿದಾಗ ಹೇಗಿದ್ದೆ, ನೆನಪಿದ್ಯಾ?”

“ಅಳ್ತಿದ್ದೆ.”

“ಜನ ಬಾಗಿಲಲ್ಲೇ ಜೋತಾಡ್ತಿದ್ರು. ಮುಂದೆ ಹೋಗಿ ಅನ್ನೋಕೆ ಗಂಟಲೇ ಏಳ್ತಿರಲಿಲ್ಲ. ಡ್ರೈವರ್ ಒಬ್ರು ಹಿರಿಯರು, ಅವರು ಹೇಳಿದ್ರು: ಎಲ್ಲ ಸ್ಟಾಪಲ್ಲೂ ಕೂಗಬೇಡಮ್ಮ. ದಿನಾ ಒಂದೇ ಒಂದು ಸ್ಟಾಪಲ್ಲಿ ಜೋರಾಗಿ ಕೂಗು. ಉಳಿದಿದ್ದರಲ್ಲಿ ಮೊದಲಿನ ಹಾಗೇ ಪಿಸುಗುಟ್ಟು. ಅಷ್ಟು ಸಾಕು ಅಂತ.”

“ಈಗ ನೀನು ಮನೇಲೂ ಪಿಸುಗುಟ್ಟಲ್ಲ.”

“ನೋಡಿದ್ರಾ, ಫಲ ಸಿಕ್ತು! ನೀವು ಎರಡೇ ಕೆಲಸ ಮಾಡಿ. ಬೆಳಿಗ್ಗೆ ಚಹಾಕ್ಕೆ ಮುಂಚೆ ಹಳೇ ಪೇಪರ್ ತಗೊಂಡು, ಚಾಕ್‌ಪೀಸ್ ಇಲ್ಲದೆ, ಯಾರನ್ನೂ ಕೇಳದೆ, ಉದ್ದಕ್ಕೆ ಒಂದು ಸಲ ಕತ್ತರಿಸಿ. ಡೊಂಕಾದ್ರೆ ಆಗಲಿ. ಆಮೇಲೆ ದಿನಕ್ಕೆ ಒಂದು ವಿಷಯ ನೀವೇ ತೀರ್ಮಾನ ಮಾಡಿ. ಒಂದೇ. ಮಾಡಿದ ಮೇಲೆ ಬದಲಾಯಿಸಬಾರದು.”

“ಯಾವ ವಿಷಯ?”

ಕಂಡಕ್ಟರ್ ಸೋಪಿನ ಕೈಯನ್ನು ಹಣೆಗೆ ಬಡಿದುಕೊಂಡಳು. “ಅದನ್ನೂ ನನ್ನನ್ನೇ ಕೇಳಬೇಡಿ!”

ಮರುದಿನ ಬೆಳಿಗ್ಗೆ ಅವನು ಚಹಾಕ್ಕೆ ಮುಂಚೆ ಕತ್ತರಿ ತೆಗೆದ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕತ್ತರಿಸಿದ. ಕತ್ತರಿಸಿದ್ದು ಆ ದಿನದ ಪೇಪರಾಗಿತ್ತು.

“ಇದೇನೋ ಇದು?” ಟೈಲರಮ್ಮ ಕನ್ನಡಕ ಏರಿಸಿದಳು. “ಯಾರೋ ಸತ್ತಿದಾರೆ. ಯಾರು ಅಂತ ಗೊತ್ತಾಗ್ತಿಲ್ಲ. ತಲೆ ಈ ಕಡೆ ಇದೆ, ಹೆಸರು ಆ ಕಡೆ ಹೋಗಿದೆ.”

“ಗೆರೆ ನೋಡು ಅಜ್ಜಿ, ನೆಟ್ಟಗಿದೆ” ಎಂದಳು ಮೊಮ್ಮಗಳು. ಅಜ್ಜಿಯ ಗೊರಕೆ ತಪ್ಪಿಸಿಕೊಳ್ಳಲು ಅವಳು ಈಗ ಅಪ್ಪನ ಪಕ್ಷ ಸೇರಿದ್ದಳು.

“ನೆಟ್ಟಗಂತೆ! ಕಿವಿ ಹತ್ರ ಡೊಂಕಾಗಿದೆ. ಪಾಪ, ಸತ್ತ ಮೇಲೂ ಕಿವಿ ಕಳ್ಕೊಂಡ.”

ಮೊದಲ ತೀರ್ಮಾನಕ್ಕಾಗಿ ಚಿಕ್ಕ ಟೈಲರ್ ತರಕಾರಿ ಅಂಗಡಿಗೆ ಹೋದ. ಏನು ತರಲಿ ಎಂದು ಮನೆಯಲ್ಲಿ ಕೇಳದೆ ಹೊರಟದ್ದು ಅದೇ ಮೊದಲು. ತರಕಾರಿಯವಳು ಕುಂಬಳಕಾಯಿ ತೋರಿಸಿ “ಅರ್ಧ ಕೊಡ್ಲಾ, ಪೂರ್ತಿ ಕೊಡ್ಲಾ?” ಎಂದಳು. ಅರ್ಧ ಎಂಬ ಶಬ್ದ ಕೇಳಿದರೆ ಅವನಿಗೆ ಈಗ ಪೋಸ್ಟ್‌ಮ್ಯಾನ್ ನೆನಪಾಗುತ್ತಿದ್ದ. “ಪೂರ್ತಿ!” ಎಂದುಬಿಟ್ಟ. ಹೆಗಲ ಮೇಲೆ ಹೊತ್ತು ತಂದ ಆ ಕಾಯಿ ಅಡಿಗೆಮನೆಯ ಬಾಗಿಲಲ್ಲಿ ಅಡ್ಡಕ್ಕೆ ಹೋಗಲಿಲ್ಲ, ತಿರುಗಿಸಬೇಕಾಯಿತು.

ಆ ವಾರವೆಲ್ಲ ಬೆಳಿಗ್ಗೆ ಕುಂಬಳಕಾಯಿ, ಸಂಜೆ ಕುಂಬಳಕಾಯಿ. ಕಂಡಕ್ಟರ್ ಡಬ್ಬಿಯಲ್ಲಿ ಕುಂಬಳಕಾಯಿ, ಮಗಳ ಡಬ್ಬಿಯಲ್ಲಿ ಕುಂಬಳಕಾಯಿ.

“ಯಾರಪ್ಪಾ ಇದನ್ನ ತಂದೋರು?” ಎಂದಳು ಟೈಲರಮ್ಮ ನಾಲ್ಕನೆಯ ಊಟದಲ್ಲಿ.

ಚಿಕ್ಕ ಟೈಲರನ ಕೈ ತನ್ನಷ್ಟಕ್ಕೇ ಹೆಗಲಿಗೆ ಹೋಯಿತು. ನಿಜವಾಗಿಯೂ ಅಲ್ಲಿ ಹೊತ್ತ ನೋವಿತ್ತು. ಆದರೂ ಗಾದೆ ಎಲ್ಲರಿಗೂ ಒಟ್ಟಿಗೆ ನೆನಪಾಗಿ ಮನೆ ಬಿದ್ದು ಬಿದ್ದು ನಕ್ಕಿತು. ಟೈಲರಮ್ಮನೂ ನಕ್ಕಳು, ಆಮೇಲೆ ತಾನು ಸಿಟ್ಟಿನಲ್ಲಿದ್ದೇನೆಂದು ಜ್ಞಾಪಿಸಿಕೊಂಡು ನಿಲ್ಲಿಸಿದಳು.

“ನಾನೇ ತಂದಿದ್ದು” ಎಂದ ಚಿಕ್ಕ ಟೈಲರ್. “ಮುಗಿಯೋ ತನಕ ತಿನ್ನಬೇಕು.” ದನಿ ಸಣ್ಣದಿತ್ತು, ಆದರೆ ಮಾತು ಪೂರ್ತಿ ಇತ್ತು.

ದಿನಾ ಬೆಳಿಗ್ಗೆ ಒಂದು ಪೇಪರು ಸೀಳಿಹೋಗುತ್ತಿತ್ತು. ಹಳೆಯ ಪೇಪರನ್ನು ಗುರುತು ಹಿಡಿಯುವುದನ್ನು ಅವನು ಬೇಗ ಕಲಿತ, ಕಣ್ಣು ತೆರೆದು ಕತ್ತರಿಸುವುದನ್ನು ಸ್ವಲ್ಪ ನಿಧಾನವಾಗಿ ಕಲಿತ. ಮೂಲೆಯಲ್ಲಿ ಪಟ್ಟಿಗಳ ರಾಶಿ ಬೆಳೆಯಿತು. ಮಗಳು ಅವುಗಳಿಂದ ಪುಸ್ತಕಕ್ಕೆ ಗುರುತು ಮಾಡಿಕೊಂಡಳು, ಹೆಂಡತಿ ಒಲೆ ಕಟ್ಟೆ ಒರೆಸಿದಳು.

ಕ್ಷೌರದಂಗಡಿಯಲ್ಲಿ ಮುಂದಿನ ತೀರ್ಮಾನ ಆಯಿತು. ಪ್ರತಿಸಲ “ನಿಮಗೆ ಸರಿ ಕಂಡ ಹಾಗೆ” ಎಂದು ಕತ್ತು ಬಗ್ಗಿಸುತ್ತಿದ್ದವನು ಅಂದು ಕುರ್ಚಿಯಲ್ಲಿ ಕೂತು “ಮೀಸೆ ತೆಗೀರಿ” ಎಂದ. ಆ ಮೀಸೆ ಬೆಳೆಸು ಎಂದಿದ್ದವಳು ಅಮ್ಮ. ಹರೆಯದಲ್ಲಿ ಅವನ ಮುಖ ತೀರಾ ಹಸುಳೆ ಮುಖ, ಗಿರಾಕಿಗಳು ನಂಬುವುದಿಲ್ಲ ಎಂದು. ಮೀಸೆ ಬಂದರೂ ಗಿರಾಕಿಗಳು ನಂಬಿದ್ದು ಅಮ್ಮನನ್ನೇ. ಅಂಗಡಿಗೆ ಮರಳಿದಾಗ ಟೈಲರಮ್ಮ ಕುರ್ಚಿಯಿಂದ “ಬನ್ನಿ ಸಾರ್, ಕೂತ್ಕೊಳ್ಳಿ, ಮಗ ಹೊರಗೆ ಹೋಗಿದಾನೆ” ಎಂದಳು.

“ಅಮ್ಮ, ನಾನೇ.”

ಟೈಲರಮ್ಮ ಬಹಳ ಹೊತ್ತು ನೋಡಿದಳು. “ನಿಮ್ಮಪ್ಪನ ತುಟಿ” ಎಂದಷ್ಟೇ ಹೇಳಿ ಮುಖ ತಿರುಗಿಸಿದಳು.

ಸುಖ ಹೆಚ್ಚಾದರೆ ತಲೆಗೇರುತ್ತದೆ. ಆ ವಾರ ಚಿಕ್ಕ ಟೈಲರ್ ದಿನಕ್ಕೊಂದು ಎಂಬ ಲೆಕ್ಕ ಮರೆತ. ಮಗಳು ಎಷ್ಟು ಹೊತ್ತಿಗೆ ಏಳಬೇಕೆಂದು ತೀರ್ಮಾನಿಸಿದ, ಹೆಂಡತಿ ತಲೆಗೆ ಯಾವ ಎಣ್ಣೆ ಹಚ್ಚಬೇಕೆಂದು ತೀರ್ಮಾನಿಸಿದ. ಅವಳು ಸೀಟಿ ತೆಗೆದು ಅವನ ಕಿವಿಯ ಬಳಿ ಒಂದು ಸಲ ಊದಿದಳು. “ಈ ಬಸ್ಸಿಗೆ ಒಬ್ಬ ಕಂಡಕ್ಟರ್ ಸಾಕು. ನಿಮ್ಮ ವಿಷಯ ನೀವು ತೀರ್ಮಾನ ಮಾಡಿ ಅಂದ್ರೆ ನನ್ನ ಜುಟ್ಟಿಗೆ ಬಂದ್ರಾ?” ಅವನು ಸೀಟಿ ಕೇಳಿದ ಬಸ್ಸಿನಂತೆ ನಿಂತ.

ಅಸಲಿ ಬಟ್ಟೆ ಕತ್ತರಿಸುವ ದಿನ ಬಂತು. ಪೋಸ್ಟ್‌ಮ್ಯಾನಿಗೆ ಬದಲಿ ಪ್ಯಾಂಟು ಆಗಬೇಕಿತ್ತು. ಚಿಕ್ಕ ಟೈಲರ್ ಬಟ್ಟೆ ಹಾಸಿ ಗೆರೆ ಎಳೆದ. ಎರಡನೆಯ ಗೆರೆ ಎಳೆಯಲು ಚಾಕ್‌ಪೀಸು ತಾನಾಗಿಯೇ ಕೆಳಗಿಳಿಯುತ್ತಿತ್ತು, ತಡೆದ. ತಲೆ ಎತ್ತಿದರೆ ನಿಲುವುಗನ್ನಡಿಯಲ್ಲಿ ಅಮ್ಮನ ಎರಡು ಕಣ್ಣು. ಬಾಗಿಲ ಬಳಿ ಮುಖ ಆ ಕಡೆ ಮಾಡಿ ಕೂತಿದ್ದ ಟೈಲರಮ್ಮ, ತಿರುಗದೆಯೇ ಕನ್ನಡಿಯಲ್ಲಿ ಇಡೀ ಮೇಜನ್ನು ನೋಡುತ್ತಿದ್ದಳು. ಅವನು ಎಡಕ್ಕೆ ಸರಿದರೆ ಕಣ್ಣು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ.

ಚಿಕ್ಕ ಟೈಲರ್ ಕತ್ತರಿ ಕೆಳಗಿಟ್ಟ. ಹೋಗಿ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ.

“ಯಾಕೋ?”

“ಬೆಳಕು ಕಣ್ಣಿಗೆ ಹೊಡೀತಿತ್ತು.”

“ಮೋಡ ಮುಚ್ಚಿದೆ!”

“ಮೋಡಾನೂ ಹೊಡೀತಿತ್ತಮ್ಮ.”

ಅವನು ಕತ್ತರಿಸಿದ. ಕತ್ತರಿ ಬಟ್ಟೆಯಲ್ಲಿ ಹೋಗುವ ಸದ್ದು ಎಷ್ಟು ಹಿತವೆಂದು ಆ ದಿನ ಮೊದಲ ಸಲ ಅವನಿಗೆ ಗೊತ್ತಾಯಿತು. ಆದರೆ ಅವನ ಭಯ ಪೂರ್ತಿ ಸತ್ತಿರಲಿಲ್ಲ, ವೇಷ ಬದಲಿಸಿತ್ತು ಅಷ್ಟೆ. ಬಟ್ಟೆ ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸುವುದು ಪದ್ಧತಿ. ತಪ್ಪಿದರೆ ತಪ್ಪೂ ಎರಡಾಗುತ್ತದಲ್ಲ ಎಂದು ಅವನು ಒಂದೊಂದೇ ಪದರ ಕತ್ತರಿಸಿದ. ಒಂದು ಕಾಲು ಕತ್ತರಿಸಿ, ಅದು ಚೆನ್ನಾಗಿ ಬಂತೆಂದು ಖುಷಿಪಟ್ಟು, ಅದನ್ನೇ ಮಗುಚದೆ ಮೇಲಿಟ್ಟು ಇನ್ನೊಂದು ಕತ್ತರಿಸಿದ. ಹೊಲಿಯಲು ಜೋಡಿಸಿದಾಗ ಬಟ್ಟೆಯ ಒಂದು ಭಾಗ ಮೇಲ್ಮೈ, ಇನ್ನೊಂದು ಒಳಮೈ. ಮಗುಚಿದರೆ ಅದು, ತಿರುವಿದರೆ ಇದು. ಏನು ಮಾಡಿದರೂ ಎರಡೂ ಎಡಗಾಲು.

“ಏನಾಯ್ತು?” ಅಮ್ಮನ ದನಿ ಬಂತು.

ಅವನು ಒಂದು ಕ್ಷಣ ಆ ತುಂಡುಗಳನ್ನು ಮಿಷನ್ನಿನ ಕೆಳಗೆ ತುರುಕಲು ನೋಡಿದ. ಆಮೇಲೆ ಎತ್ತಿ ಹಿಡಿದು ತೋರಿಸಿದ. “ಎರಡೂ ಎಡಗಾಲು ಕತ್ತರಿಸಿದೀನಿ.”

ಟೈಲರಮ್ಮ ಎದ್ದು ನಿಂತಳು. “ನನ್ನ ಜನ್ಮದಲ್ಲೇ ಇಂಥದ್ದು ನೋಡಿಲ್ಲ! ಅವನೇನು ಕುಂಟಾಡ್ಕೊಂಡು ಕಾಗದ ಹಂಚಬೇಕಾ? ಕನ್ನಡಿ ತಿರುಗಿಸದೆ ಇದ್ದಿದ್ರೆ ನಾನು ಹೇಳ್ತಿರಲಿಲ್ವಾ? ಏ ಹುಡುಗಿ, ಫೋನ್ ತಗೊಂಡು ಬಾ. ಮೇಜು ನೋಡ್ಕೊಳ್ಳೋಕೆ ಬರ್ತಾನಲ್ಲ, ಆ ದೊಡ್ಡಪ್ಪನಿಗೆ ಮಾಡು.”

“ಮಾಡಮ್ಮ” ಎಂದ ಚಿಕ್ಕ ಟೈಲರ್. “ಕರೀಬೇಕಿದ್ರೆ ಕರಿ. ಆದ್ರೆ ಪೋಸ್ಟ್‌ಮ್ಯಾನ್ ಪ್ಯಾಂಟು ನಾನೇ ಮುಗಿಸ್ತೀನಿ.”

“ಅವನಿಗೆ ಏನಂತ ಹೇಳ್ತೀಯ? ನಾನು ಹೇಳ್ತೀನಿ ಬಿಡು, ಬಟ್ಟೆ ಕೆಟ್ಟದಿತ್ತು ಅಂತ.”

“ಬೇಡ. ನಾನೇ ಹೋಗಿ ಹೇಳ್ತೀನಿ.”

ಅಂಚೆ ಕಚೇರಿಗೆ ನಡೆಯುವ ದಾರಿಯಲ್ಲಿ ಅವನು ನೂರು ಸಲ ಹಿಂದಕ್ಕೆ ತಿರುಗಿದ, ನೂರು ಸಲ ಮುಂದಕ್ಕೆ ನಡೆದ. ಪೋಸ್ಟ್‌ಮ್ಯಾನ್ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದ. ಆ ದೊಗಳೆ ಪ್ಯಾಂಟಿಗೇ ಹಗ್ಗ ಕಟ್ಟಿಕೊಂಡಿದ್ದ.

“ಅಣ್ಣ, ನಿಮ್ಮ ಬಟ್ಟೆ ಹಾಳು ಮಾಡಿದೆ. ಎರಡೂ ಎಡಗಾಲು ಕತ್ತರಿಸಿಬಿಟ್ಟೆ. ಬೇರೆ ಬಟ್ಟೆ ನಾನೇ ತರ್ತೀನಿ. ಈ ವಾರದಲ್ಲಿ ಕೊಡ್ತೀನಿ.”

ಪೋಸ್ಟ್‌ಮ್ಯಾನ್ ಮುದ್ರೆ ಕೈಯಲ್ಲೇ ಹಿಡಿದು ಬಾಯಿ ತೆರೆದ. “ಎರಡೂ ಎಡಗಾಲಾ?” ಆಮೇಲೆ ಮೇಜು ಕುಟ್ಟಿ ನಕ್ಕ. “ಹಾಗಾದ್ರೆ ನನ್ನ ಹೆಂಡ್ತಿ ಹೇಳೋದು ಸರಿ. ನಾನು ನೆಟ್ಟಗೆ ನಡಿಯೋ ಗಂಡಸೇ ಅಲ್ವಂತೆ. ತಗೊಳ್ಳಿ, ನಿಧಾನವಾಗಿ ಮಾಡಿ. ಬಲಗಾಲು ಒಂದು ಮರೀಬೇಡಿ.”

ಭೂಮಿ ಬಾಯಿಬಿಡಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಚಿಕ್ಕ ಟೈಲರ್ ಹೊರಗೆ ಬಂದು ಅಂಚೆ ಡಬ್ಬಿಯ ಪಕ್ಕ ನಿಂತ. ಇಷ್ಟೇನಾ, ಇಷ್ಟಕ್ಕೇನಾ ಇಷ್ಟು ವರ್ಷ ಹೆದರಿದ್ದು ಎಂದು ಅವನಿಗೆ ನಗುವೂ ಬಂತು, ಅಳುವೂ ಬಂತು.

ಹೊಸ ಬಟ್ಟೆಯನ್ನು ಎರಡು ಪದರ ಮಡಿಸಿ ಕತ್ತರಿಸಿದ. ಕನ್ನಡಿ ಗೋಡೆಯ ಕಡೆಗೇ ಇತ್ತು. ಪೋಸ್ಟ್‌ಮ್ಯಾನ್ ಪ್ಯಾಂಟು ಹಾಕಿಕೊಂಡು ಅಂಗಡಿಯಲ್ಲೇ ಒಂದು ಸಲ ಕುಪ್ಪಳಿಸಿದ, ಪ್ಯಾಂಟು ಅವನ ಜೊತೆಗೇ ಕುಪ್ಪಳಿಸಿತು. “ಇನ್ನು ಬರಲಿ ಆ ನಾಯಿ” ಎನ್ನುತ್ತಾ ಹೋದ. ಬೇಕರಿಯವನ ಏಪ್ರನ್ನು, ನರ್ಸಮ್ಮನ ತೋಳು ಎಲ್ಲ ಒಂದೊಂದಾಗಿ ವಾಪಸು ಬಂದು ಸರಿಯಾಗಿ ಹೋದವು.

ಟೈಲರಮ್ಮ ಸುಲಭಕ್ಕೆ ಬಗ್ಗುವ ಪೈಕಿಯಲ್ಲ. ಪ್ಲಾಸ್ಟರ್ ಬಿಚ್ಚಿದ್ದರು. ಕೈ ಸಣ್ಣಗಾಗಿತ್ತು, ಕತ್ತರಿ ಎತ್ತಿದರೆ ಬೆರಳು ಸೋಲುತ್ತಿತ್ತು. ಇಷ್ಟು ವಾರ ಕುರ್ಚಿಯಲ್ಲೇ ಕೂತು ತಿಂದದ್ದರಿಂದ ಸಣ್ಣಗಾದದ್ದು ಕೈ ಮಾತ್ರ.

“ಪ್ಯಾಂಟು, ಏಪ್ರನ್ನು ಯಾರಾದ್ರೂ ಕತ್ತರಿಸ್ತಾರೆ” ಎಂದಳು ಊಟದ ಹೊತ್ತಿಗೆ. “ಕೋಟು ಕತ್ತರಿಸಿದೋನೇ ಟೈಲರ್. ನಿನ್ನ ದೊಡ್ಡಮ್ಮನ ಮಗ ಮುಂದಿನ ತಿಂಗಳು ಬರ್ತಾನೆ. ಮಾತು ಕೊಟ್ಟಾಗಿದೆ.”

“ಮಾತು ವಾಪಸ್ ತಗೊಳ್ಳಿ ಅತ್ತೆ.”

“ನಾನೇನು ನಿನ್ನ ಹಾಗೆ ಚಿಲ್ಲರೆ ವಾಪಸ್ ಕೊಡೋಳಾ?”

“ನಾನೂ ಕೊಡಲ್ಲ, ಕೇಳಿ ನೋಡಿ ಯಾರನ್ನಾದ್ರೂ” ಎಂದಳು ಕಂಡಕ್ಟರ್. ಮೊಮ್ಮಗಳ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು.

ಮರುದಿನ ಟೈಲರಮ್ಮ ಪೆಟ್ಟಿಗೆಯಿಂದ ಒಂದು ಬಟ್ಟೆ ತೆಗೆದು ಮೇಜಿನ ಮೇಲ್ಗಡೆಯ ಗೋಡೆ ಹಲಗೆಯಲ್ಲಿಟ್ಟಳು. ಕಡುನೀಲಿ ಉಣ್ಣೆ, ಗಂಡ ಬದುಕಿದ್ದಾಗ ಕೋಟಿಗೆಂದು ತಂದುಕೊಟ್ಟದ್ದು. ಊರಿಗೆಲ್ಲ ಕೋಟು ಹೊಲಿದವಳಿಗೆ ತನ್ನದೊಂದು ಕೋಟು ಇರಲಿಲ್ಲ. ತನ್ನ ಬೆನ್ನಿನ ಅಳತೆಯನ್ನು ತಾನೇ ತೆಗೆದುಕೊಳ್ಳಲು ಯಾವ ಟೈಲರಿಗೂ ಸಾಧ್ಯವಿಲ್ಲ. ಬೇರೆಯವರ ಕೈಗೆ ಟೇಪು ಕೊಡಲು ಈ ಟೈಲರಿಗೆ ಮನಸ್ಸು ಬಂದಿರಲಿಲ್ಲ.

“ಅವನು ಬಂದ ಮೇಲೆ ಕತ್ತರಿಸ್ಲಿ. ಮೊದಲ ಕೆಲಸ ಅದೇ” ಎಂದಳು, ಯಾರಿಗೂ ಹೇಳದವಳಂತೆ, ಎಲ್ಲರಿಗೂ ಕೇಳುವಂತೆ.

ಆ ಬಟ್ಟೆ ಚಿಕ್ಕ ಟೈಲರನ ತಲೆಯ ಮೇಲೆಯೇ ಕೂತಿತು. ಹೊಲಿಯುವಾಗ ನೋಡುವನು, ಗುಂಡಿಗೆ ಕಾಜಾ ಹಾಕುವಾಗ ನೋಡುವನು. ಒಂದು ಬೆಳಿಗ್ಗೆ ಚಹಾಕ್ಕೆ ಮುಂಚೆ ಎದ್ದು, ಹಳೆಯ ಪೇಪರು ಕೈಗೆ ತೆಗೆದುಕೊಂಡು, ಮತ್ತೆ ಅಲ್ಲೇ ಇಟ್ಟ. ಉಣ್ಣೆ ಇಳಿಸಿ ಮೇಜಿನ ಮೇಲೆ ಹಾಸಿದ. ಟೇಪು ಕೊರಳಿಗೆ ಹಾಕಿಕೊಂಡು ಅಮ್ಮನ ಕುರ್ಚಿಯ ಮುಂದೆ ಹೋಗಿ ನಿಂತ.

“ಅಮ್ಮ, ಎದ್ದು ನಿಂತ್ಕೋ.”

“ಯಾಕೆ?”

“ಅಳತೆ.”

ಅಡಿಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಕೆಲಸಕ್ಕೆ ಹೊರಟಿದ್ದ ಕಂಡಕ್ಟರ್ ಹೆಗಲ ಚೀಲದ ಸಮೇತ ಬಾಗಿಲಲ್ಲಿ ಕಲ್ಲಾದಳು. ಟೈಲರಮ್ಮ ಮಗನ ಮುಖ ನೋಡಿದಳು. ಮೀಸೆಯಿಲ್ಲದ ಆ ಮುಖದಲ್ಲಿ ಅಂದು ಕೇಳುವ ಭಾವವಿರಲಿಲ್ಲ, ಹೇಳುವ ಭಾವವಿತ್ತು. ಏನನ್ನಿಸಿತೋ, ಎದ್ದು ನಿಂತಳು. ಅವನು ಬೆನ್ನಿಗೆ ಟೇಪು ಹಿಡಿದ, ಹೆಗಲು ಅಳೆದ, ಎದೆ ಸುತ್ತಿದ, ಸೊಂಟ ಸುತ್ತಿದ. ಟೈಲರಮ್ಮ ಸಿಪಾಯಿಯಂತೆ ನೆಟ್ಟಗೆ ನಿಂತಿದ್ದಳು, ಮುಖ ಸ್ವಲ್ಪ ಕೆಂಪಾಗಿತ್ತು. ಚಿಕ್ಕ ಟೈಲರ್ ಅವಳ ಮುಖ ನೋಡಿದ, ಟೇಪು ನೋಡಿದ, ಏನೂ ಹೇಳದೆ ಬರೆದುಕೊಂಡ.

ಆಮೇಲೆ ಹೋಗಿ ಕನ್ನಡಿಯನ್ನು ಮತ್ತೆ ಕೋಣೆಯ ಕಡೆ ತಿರುಗಿಸಿದ.

“ನೋಡ್ಕೊಂಡು ಕೂತಿರು” ಎಂದು ಕತ್ತರಿ ಎತ್ತಿಕೊಂಡ.

ಟೈಲರಮ್ಮ ನೋಡಿದಳು. ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಸೊಸೆ ಚಹಾದ ಲೋಟ ಕೈಗಿಟ್ಟಳು. ಆ ದಿನ ಕಂಡಕ್ಟರ್ ಬಸ್ಸಿಗೆ ತಡವಾಗಿ ಓಡಬೇಕಾಯಿತು.

ಕೋಟು ತಯಾರಾದ ದಿನ ಇಡೀ ಮನೆ ಮುಂದಿನ ಕೋಣೆಯಲ್ಲಿ ಸೇರಿತ್ತು. ಅಂಗಿ ಹೊಲಿಸಲು ಬಟ್ಟೆ ತಂದಿದ್ದ ಪೋಸ್ಟ್‌ಮ್ಯಾನೂ ತಮಾಷೆ ನೋಡಲು ನಿಂತ. ಟೈಲರಮ್ಮ ಕೋಟು ಹಾಕಿಕೊಂಡಳು. ಹೆಗಲು ಅಚ್ಚು ಹೊಯ್ದಂತೆ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಬೆನ್ನಿನಲ್ಲಿ ಒಂದು ಸುಕ್ಕಿರಲಿಲ್ಲ. ಗುಂಡಿ ಹಾಕಿಕೊಂಡಳು. ಮೊದಲನೆಯದು ಬಂತು. ಎರಡನೆಯದು, ಹೊಟ್ಟೆಯ ಹತ್ತಿರದ್ದು, ಬರಲಿಲ್ಲ. ಎಳೆದಳು. ಗುಂಡಿ ಕಾಜಾದ ತನಕ ಬಂದು ಇಣುಕಿ ವಾಪಸು ಹೋಯಿತು.

“ಬಿಗಿ” ಎಂದಳು ಟೈಲರಮ್ಮ. ದನಿಯಲ್ಲಿ ಗೆದ್ದ ಖುಷಿಯಿತ್ತು, ಅದರ ಕೆಳಗೆ ಸ್ವಲ್ಪ ಬೇಸರವೂ ಇತ್ತು. “ನಾನು ಹೇಳ್ಲಿಲ್ವಾ? ಕಟ್ಟಿಂಗ್ ತಪ್ಪಿದೆ.”

ಮಗಳು ಅಪ್ಪನನ್ನು ನೋಡಿದಳು. ಕಂಡಕ್ಟರ್ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಚಿಕ್ಕ ಟೈಲರನ ಬಾಯಲ್ಲಿ ‘ಹೌದಮ್ಮ’ ಎಂಬ ಹಳೆಯ ಮಾತು ಬಂದು ನಿಂತಿತ್ತು. ಅದನ್ನು ಅವನು ಉಗುಳು ನುಂಗಿದಂತೆ ನುಂಗಿದ.

“ಕಟ್ಟಿಂಗ್ ಸರಿಯಾಗಿದೆ ಅಮ್ಮ. ಅಳತೆ ತಗೊಳ್ಳೋವಾಗ ನೀನು ಹೊಟ್ಟೆ ಒಳಗೆ ಎಳ್ಕೊಂಡಿದ್ದೆ.”

ಪೋಸ್ಟ್‌ಮ್ಯಾನ್ ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡ.

“ನಾನಾ?”

“ನೀನೇ. ಟೇಪಿಗೆ ಸುಳ್ಳು ಹೇಳಿದ್ರೆ ಬಟ್ಟೆ ಊರಿಗೆಲ್ಲ ನಿಜ ಹೇಳುತ್ತೆ ಅಂತ ನೀನೇ ಹೇಳ್ತಿದ್ದೆ.”

“ಗೊತ್ತಿದ್ರೆ ಆಗಲೇ ಯಾಕೆ ಹೇಳ್ಲಿಲ್ಲ?”

“ಎಲ್ಲರ ಎದುರಿಗೆ ನಿನ್ನನ್ನ ಗದರ್ಲಾ? ಒಳಗಿನ ಹೊಲಿಗೆ ನೋಡು. ಎರಡೂ ಪಕ್ಕ ಅರ್ಧರ್ಧ ಇಂಚು ಮಡಿಚಿಟ್ಟಿದೀನಿ. ಬಿಡಿಸಿದ್ರೆ ಸರಿಹೋಗುತ್ತೆ.”

ಟೈಲರಮ್ಮ ಕೋಟಿನ ಒಳಮೈ ತಿರುಗಿಸಿದಳು. ಲೈನಿಂಗ್ ಅಂಚನ್ನು ಎತ್ತಿ ಬೆರಳಿನಿಂದ ಸವರಿದಳು. ಇದೇ ಅರ್ಧ ಇಂಚು ಹಿಂದೆ ಹೊರಗೆ ನಿಂತು ಊರೆಲ್ಲ ನಗಿಸಿತ್ತು. ಈಗ ಒಳ್ಳೆಯ ಟೈಲರು ಇಡುವ ಜಾಗದಲ್ಲಿ, ಇರಬೇಕಾದ ಹಾಗೆ, ಹೊರಗಿನವರಿಗೆ ಕಾಣದಂತೆ ಮಡಿಚಿ ಕೂತಿತ್ತು. ಅವಳ ಕಣ್ಣು ತುಂಬಿತು. ಅದು ಯಾರಿಗೂ ಕಾಣಬಾರದೆಂದು ಜೋರಾಗಿ ಕೂಗಿದಳು: “ಏ ಹುಡುಗಿ! ದೊಡ್ಡಪ್ಪನಿಗೆ ಫೋನ್ ಮಾಡು. ಬರೋದು ಬೇಡ ಅನ್ನು.”

“ಯಾಕೆ ಅಂತ ಕೇಳಿದ್ರೆ ಅಜ್ಜಿ?”

“ರೂಮಿಲ್ಲ ಅಂತ ಹೇಳು.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಕಂಡಕ್ಟರ್ ಗೊಣಗಿದಳು. ಅವಳ ಗೊಣಗು ಕೊನೆಯ ಸೀಟಿಗೂ ಕೇಳುವಂಥದು, ಟೈಲರಮ್ಮನಿಗೂ ಕೇಳಿತು. ಆದರೆ ಅಂದು ಕೇಳದವಳಂತೆ ಕೋಟು ಬಿಚ್ಚಿ ಮಗನ ಕೈಗೆ ಕೊಟ್ಟಳು. ಅವನು ಹೊಲಿಗೆ ಬಿಡಿಸಲು ಮಿಷನ್ನಿನ ಬಳಿ ಬೆಳಕಿಗೆ ಹಿಡಿದು ಕೂತ.

ಪೋಸ್ಟ್‌ಮ್ಯಾನ್ ತಾನು ತಂದ ಬಟ್ಟೆಯನ್ನು ಮುಂದಿಟ್ಟು ಕೆಮ್ಮಿದ. “ಟೈಲರಮ್ಮ, ನನ್ನ ಅಂಗಿಗೆ ಕಾಲರ್ ಅಗಲ ಇರಲೋ, ಸಣ್ಣ ಇರಲೋ? ನೀವೇ ಹೇಳಿಬಿಡಿ.”

ಟೈಲರಮ್ಮ ಬಟ್ಟೆ ಮುಟ್ಟಿ ನೋಡಿದಳು. ಅವನ ಕತ್ತು ನೋಡಿದಳು. ಇಂಥ ಪ್ರಶ್ನೆಗೆ ಉತ್ತರ ಕೊಡಲು ಜನ್ಮದಲ್ಲಿ ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಒಂದು ಸಲ ಮಿಷನ್ನಿನ ಕಡೆ ನೋಡಿದಳು.

“ಇರಿ” ಎಂದಳು. “ನನ್ನ ಮಗನ್ನ ಕೇಳ್ತೀನಿ.”